ಇಲಿಗಳ ಲೆಕ್ಕದಲ್ಲಿ ಬದುಕಿದ ವರ್ಷ

ನನ್ನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳು ನನ್ನ ಮಗಳು ಗೌರಿ. ಆಗ ಅವಳಿಗೆ ಆರು ವರ್ಷ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಅವಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ಹೆರಳು ಹಾಕುತ್ತಿದ್ದೆ. ಅವಳೋ ಒಂದು ಗಳಿಗೆ ಸುಮ್ಮನೆ ಕೂರುವ ಪೈಕಿಯಲ್ಲ. ದಿನವೂ ಹೇಳುವುದನ್ನೇ ಹೇಳಿದೆ: "ಅಳ್ಳಾಡಬ್ಯಾಡ, ಹೆರಳ ಸಡಲ ಆಗ್ತೈತಿ." ಅವಳು ಅಳ್ಳಾಡಿದ್ದಷ್ಟೇ ಅಲ್ಲ, ಪೂರ್ತಿ ಹಿಂದಕ್ಕೆ ತಿರುಗಿ ನನ್ನ ಮುಖವನ್ನೇ ನೋಡಿದಳು.

"ಅವ್ವಾ, ನಿನ್ನ ಕಣ್ಣಾಗ ಅರಿಷಿಣ ಬಿದ್ದೈತಿ."

"ಸುಮ್ನ ಕುಂದ್ರ" ಎಂದು ಅವಳ ತಲೆ ಹಿಡಿದು ಮುಂದಕ್ಕೆ ತಿರುಗಿಸಿದೆ. ನಾನು ಯಕೃತ್ತಿನ ಕಾಯಿಲೆಯ ಮೇಲೆ, ಅದರಲ್ಲೂ ಯಕೃತ್ತಿನ ಕ್ಯಾನ್ಸರಿನ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದವಳು. ಎರಡು ತಿಂಗಳಿಂದ ಊಟ ಸೇರುತ್ತಿರಲಿಲ್ಲ, ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಿತ್ತು, ಮೈಯೆಲ್ಲ ತುರಿಕೆ. ಬೇರೆ ಯಾರಾದರೂ ಬಂದು ಹೀಗೆಂದು ಹೇಳಿಕೊಂಡಿದ್ದರೆ ಅರ್ಧ ಮಾತಿಗೇ ತಡೆದು ರಕ್ತ ಪರೀಕ್ಷೆಗೆ ಓಡಿಸುತ್ತಿದ್ದೆ. ನನಗೇ ಆದಾಗ ಮಾತ್ರ, ಏನೋ ಆಯಾಸ, ಸಮುದ್ರದ ಹವೆ, ಎಂದು ತಿಪ್ಪೆ ಸಾರಿಸಿಕೊಂಡು ಓಡಾಡುತ್ತಿದ್ದೆ.

ನನ್ನ ಊರು ಗದಗ. ಓದಲೆಂದು ವಿಶಾಖಪಟ್ಟಣಕ್ಕೆ ಬಂದವಳು ಅಲ್ಲೇ ಪಿಎಚ್‌ಡಿ ಮಾಡಿ, ಅಲ್ಲೇ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ, ವಿಜಯವಾಡದ ರವಿಯನ್ನು ಮದುವೆಯಾಗಿ ನಿಂತುಬಿಟ್ಟೆ. ರವಿ ಬಂದರಿನಲ್ಲಿ ಎಂಜಿನಿಯರ್. ನಮ್ಮಿಬ್ಬರ ಮಾತು ತೆಲುಗು. ಈ ಬರಹದಲ್ಲಿ ನನ್ನನ್ನೂ ಗೌರಿಯನ್ನೂ ಬಿಟ್ಟು ಮಿಕ್ಕವರೆಲ್ಲ ಆಡಿದ್ದು ತೆಲುಗೇ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೌರಿ ಹುಟ್ಟಿದ ಮೇಲೆ ಅವಳ ಜೊತೆ ಕನ್ನಡ ಶುರುವಾಯಿತು. ಆ ಊರಿನಲ್ಲಿ ನನ್ನ ಗದಗಿನ ಕನ್ನಡಕ್ಕೆ ಅವಳೊಬ್ಬಳೇ ಗಿರಾಕಿ. ನನ್ನಿಂದ ಮಾತ್ರ ಕಲಿತದ್ದರಿಂದ ಮುದುಕಿಯ ಹಾಗೆ ಮಾತಾಡುತ್ತಿದ್ದಳು. "ಏನ್ ಹೇಳ್ಲಿ ನಿನಗ, ಸಾಕಾಗಿ ಹೋತು" ಎಂದು ಅವಳು ಹಣೆಗೆ ಕೈ ಹಚ್ಚಿದರೆ ನಾನೂ ರವಿಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನನ್ನ ಕೆಲಸ ಇಲಿಗಳ ಜೊತೆ. ಬಿಳಿ ಇಲಿಗಳಿಗೆ ಒಂದು ರಾಸಾಯನಿಕ ಕೊಟ್ಟು ಯಕೃತ್ತು ಕೆಡಿಸುವುದು, ಅದರಲ್ಲಿ ಗಂಟುಗಳೆದ್ದು ಕ್ಯಾನ್ಸರಿಗೆ ತಿರುಗುವುದನ್ನು ನೋಡುವುದು, ಇನ್ನೊಂದು ಗುಂಪಿಗೆ ನೆಲನೆಲ್ಲಿಯ ಸಾರ ಕುಡಿಸಿ ಅದೆಷ್ಟು ತಡೆಯುತ್ತದೆ ಎಂದು ಅಳೆಯುವುದು. ಇಲಿಯ ಬದುಕೇ ಅವಸರದ್ದು. ಅದರ ಯಕೃತ್ತಿನಲ್ಲಿ ಗಂಟು ಕಂಡರೆ ಮುಂದಿನದ್ದು ನಮಗೆ ಗೊತ್ತು. ಒಂದು ಹಬ್ಬ ಕಳೆದು ಇನ್ನೊಂದು ಹಬ್ಬ ಬರುವಷ್ಟರಲ್ಲಿ ಆ ಪಂಜರ ಖಾಲಿ. ಆಗೊಮ್ಮೆ ಈಗೊಮ್ಮೆ ಆಸ್ಪತ್ರೆಯಿಂದ ಮನುಷ್ಯರ ಯಕೃತ್ತಿನ ಚೂರೂ ಬರುತ್ತಿತ್ತು, ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ, ಮೇಲೊಂದು ನಂಬರು ಅಂಟಿಸಿಕೊಂಡು. ಆ ನಂಬರಿಗೂ ಮೈ ತುರಿಸುತ್ತದೆ, ಆ ನಂಬರಿಗೂ ಹೆರಳು ಹಾಕಬೇಕಾದ ಮಗಳಿರಬಹುದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ರವಿ ಕುರ್ಚಿಯಲ್ಲಿ ಕುಸಿದ. ನಾನು ಒಳ್ಳೆ ಮೇಡಂ ಹಾಗೆ ಪೆನ್ನು ಹಿಡಿದು ಅವನಿಗೆ ಒಂದೊಂದು ಅಂಕಿಯನ್ನೂ ವಿವರಿಸಿದೆ. ವಿವರಿಸಿ ಮುಗಿಸಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ವಿಶಾಖಪಟ್ಟಣದ ಡಾಕ್ಟರುಗಳೆಲ್ಲ ನನಗೆ ಪರಿಚಯದವರು, ಅವರ ಮುಂದೆ ನಾನೇ ಥರ್ಮಾಸಿನ ಚೂರಾಗಿ ಹೋಗಿ ನಿಲ್ಲಲು ಮನಸ್ಸಾಗಲಿಲ್ಲ. ಅದಕ್ಕೇ ವಿಜಯವಾಡಕ್ಕೆ ಹೋದೆವು. ಅಲ್ಲಿ ಒನ್ ಟೌನಿನಲ್ಲಿ ಅತ್ತೆಯವರ ಮನೆಯಿತ್ತು, ಕೆಳಗೆ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ, ಮೇಲೆ ಮನೆ. ಗವರ್ನರ್‌ಪೇಟೆಯಲ್ಲಿ ಯಕೃತ್ತಿನ ಕಾಯಿಲೆಗೆ ಒಳ್ಳೆಯ ಡಾಕ್ಟರೊಬ್ಬರಿದ್ದಾರೆ ಎಂದು ಹೇಳಿದವರೂ ಅತ್ತೆಯೇ.

ಅತ್ತೆಯ ಹೆಸರು ರಾಜ್ಯಲಕ್ಷ್ಮಿ. ನಾನು ಕರೆಯುತ್ತಿದ್ದುದು ತೆಲುಗಿನ ವಾಡಿಕೆಯಂತೆ ಅತ್ತಯ್ಯ ಎಂದು. ದೊಡ್ಡ ದನಿ, ದೊಡ್ಡ ಕೈ, ಅಂಗಡಿಯ ಹುಡುಗರೆಲ್ಲ ಅವರ ಹೆಜ್ಜೆ ಸಪ್ಪಳಕ್ಕೇ ನೆಟ್ಟಗಾಗುತ್ತಿದ್ದರು. ಅವರು ರವಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದ್ದು ಇಡೀ ಮನೆಗೆ ಕೇಳಿಸಿತು: "ಹುಡುಗಿ ಕುಡೀತಾಳೇನೋ?" ಯಕೃತ್ತು ಎಂದರೆ ಹೆಂಡ ಎಂದೇ ಎಲ್ಲರ ನಂಬಿಕೆ. ನಾನು ನಗಬೇಕೋ ಅಳಬೇಕೋ ತಿಳಿಯದೆ ಕುಳಿತಿದ್ದೆ. ಮರುದಿನ ಬೆಳಗ್ಗೆ ಅವರು ಕಾಮಾಲೆಗೆ ಹಸಿರು ಔಷಧ ಎಂದು ಒಂದು ಲೋಟ ತಂದು ಮುಂದೆ ಹಿಡಿದರು. ವಾಸನೆಯಲ್ಲೇ ಗೊತ್ತಾಯಿತು, ನೆಲನೆಲ್ಲಿ. ನನ್ನ ಪಿಎಚ್‌ಡಿಯನ್ನೇ ಅರೆದು ಲೋಟಕ್ಕೆ ಹಾಕಿ ಕೊಟ್ಟಿದ್ದರು. ಬೇಡ ಎಂದೆ. ಯಾಕೆ ಬೇಡ, ನೀನೇ ಇದರ ಮೇಲೆ ಓದಿದವಳಲ್ಲವಾ ಎಂದರು. ಇಲಿಗೆ ಕೊಟ್ಟದ್ದು ಗೊತ್ತು, ನನಗೆ ಎಷ್ಟು ಕೊಡಬೇಕೆಂದು ಗೊತ್ತಿಲ್ಲ ಅತ್ತಯ್ಯ ಎಂದೆ. ಆ ಮಾತನ್ನು ನಾನೇ ಸ್ವಲ್ಪ ನೆನಪಿಟ್ಟುಕೊಂಡಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು.

ಡಾಕ್ಟರರ ಕಾಯುವ ಕೋಣೆ ಕಿರಿದು. ಗೋಡೆಯುದ್ದಕ್ಕೂ ಬೆಂಚು, ಮೂಲೆಯಲ್ಲಿ ಸದಾ ಭಜನೆ ಹಾಡುವ ಟಿವಿ. ಹೊಟ್ಟೆ ಊದಿದ ಗಂಡಸರು, ಅವರ ಪಕ್ಕದಲ್ಲಿ ಸ್ಕ್ಯಾನಿನ ದೊಡ್ಡ ಕವರು ಹಿಡಿದ ಹೆಂಡಂದಿರು. ಅಲ್ಲಿ ಯಾರೂ ಯಾರ ಕಣ್ಣನ್ನೂ ನೇರವಾಗಿ ನೋಡುವುದಿಲ್ಲ, ಎಲ್ಲರೂ ಕದ್ದು ನೋಡಿ ತಮ್ಮದಕ್ಕಿಂತ ಹಳದಿಯೋ ಕಮ್ಮಿಯೋ ಎಂದು ಅಳೆಯುತ್ತಾರೆ. ಮಚಲಿಪಟ್ಟಣದ ಸತ್ಯವತಿ ಎಂಬಾಕೆ ನನ್ನ ಪಕ್ಕ ಕೂತು, ಪೇಷೆಂಟ್ ಎಲ್ಲಿ ಎಂದು ಕೇಳಿದಳು. ನಾನೇ ಎಂದೆ. ಅಯ್ಯೋ ತಾಯಿ ಎಂದವಳೇ ಚೀಲದಿಂದ ಮಜ್ಜಿಗೆಯ ಬಾಟಲಿ ತೆಗೆದು, ಗಂಡನಿಗೆಂದು ತಂದದ್ದರಲ್ಲಿ ಅರ್ಧ ನನಗೆ ಬಗ್ಗಿಸಿದಳು. ಉಪ್ಪಿಲ್ಲದ ತಿಳಿ ಮಜ್ಜಿಗೆ. ಎಷ್ಟೋ ದಿನಗಳಲ್ಲಿ ನನ್ನ ಹೊಟ್ಟೆ ವಾಪಸ್ಸು ಕಳಿಸದೆ ಇಟ್ಟುಕೊಂಡದ್ದು ಅದೊಂದೇ.

ಸ್ಕ್ಯಾನಿನಲ್ಲಿ ಗಂಟು ಕಂಡಿತು. ಒಂದು ಅಡಿಕೆಯಷ್ಟು. ಡಾಕ್ಟರು ಸೂಜಿ ಹಾಕಿ ಚೂರು ತೆಗೆಸಿದರು. ಅದಾದ ಮೇಲೆ ಬಲ ಮಗ್ಗುಲಿಗೆ ಅಲ್ಲಾಡದೆ ಮಲಗಿರಬೇಕು. ಹಾಗೆ ಮಲಗಿದಾಗ ರವಿ ನನ್ನ ಕಾಲ ಬಳಿ ಕೂತು ಪಾದದ ತುರಿಕೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ, ಒಣಗಿದರೆ ಬಿಚ್ಚಿ ಮತ್ತೆ ಒದ್ದೆ ಮಾಡಿ ಸುತ್ತುತ್ತಿದ್ದ. ಆ ಮನುಷ್ಯ ಬಾಯಲ್ಲಿ ಹೇಳಿದ್ದು ಕಮ್ಮಿ, ಮಾಡಿದ್ದು ಬಹಳ.

ಇಲ್ಲಿಂದ ಮುಂದಿನದು ನನ್ನಂಥವಳಿಗೆ ಮಾತ್ರ ಆಗಬಹುದಾದ ಕತೆ. ಚೂರು ನೋಡಿದ ಪರೀಕ್ಷಕರಿಗೆ ಖಚಿತವಾಗಲಿಲ್ಲ. ಇನ್ನೊಬ್ಬರ ಅಭಿಪ್ರಾಯಕ್ಕೆ ಹೈದರಾಬಾದಿಗೆ ಕಳಿಸೋಣ ಎಂದು ಡಾಕ್ಟರು ಗಾಜಿನ ಸ್ಲೈಡುಗಳನ್ನು ಎರಡು ಪೊಟ್ಟಣ ಮಾಡಿಸಿ, ಒಂದನ್ನು ಅಲ್ಲಿಗೆ ಕಳಿಸಿ ಇನ್ನೊಂದನ್ನು ನಮ್ಮ ಕೈಗೆ ಕೊಟ್ಟರು. ಬೇರೆ ಯಾವ ಪೇಷೆಂಟಾದರೂ ಅದನ್ನು ಬೀರುವಿನಲ್ಲಿಟ್ಟು ದೇವರಿಗೆ ಕೈಮುಗಿಯುತ್ತಿದ್ದ. ನಾನು ವಿಶಾಖಪಟ್ಟಣದಲ್ಲಿ ರೈಲು ಇಳಿದ ಮರುದಿನವೇ, ಭಾನುವಾರ, ಯಾರೂ ಇಲ್ಲದ ಪ್ರಯೋಗಾಲಯಕ್ಕೆ ಹೋಗಿ ನನ್ನ ಮೈಕ್ರೋಸ್ಕೋಪಿನ ಕೆಳಗೆ ನನ್ನ ಯಕೃತ್ತನ್ನು ಇಟ್ಟೆ.

ಕಣ್ಣಿಟ್ಟು ನೋಡಿದೆ. ದೊಡ್ಡ ದೊಡ್ಡ ಜೀವಕೋಶಗಳು, ಗುಂಪು ಗುಂಪಾಗಿ ಗುಡ್ಡೆಕಟ್ಟಿ, ಸುತ್ತ ಬೇಲಿಯಂತೆ ನಾರು. ಈ ಚಿತ್ರ ನನಗೆ ಕಂಠಪಾಠ. ನನ್ನ ಇಲಿಗಳಲ್ಲಿ ಇದನ್ನು ನೂರು ಸಲ ನೋಡಿದ್ದೆ, ವಿದ್ಯಾರ್ಥಿಗಳಿಗೆ ಬೆರಳಿಟ್ಟು ತೋರಿಸಿದ್ದೆ: ಇದು ಕಂಡಿತೋ, ಮುಂದೆ ಕ್ಯಾನ್ಸರ್, ಮುಂದೆ ಮುಗಿಯಿತು. ಪಕ್ಕದ ಕೋಣೆಯಲ್ಲಿ ಇಲಿಗಳು ಕಾಳು ಕಡಿಯುವ ಸದ್ದು ಕೇಳುತ್ತಿತ್ತು. ನಾನು ಲೆಕ್ಕ ಹಾಕಿದೆ. ಸಂಕ್ರಾಂತಿ ದಾಟುತ್ತೇನೆ, ಮಾವಿನ ಕಾಲ ನೋಡುವುದಿಲ್ಲ.

ರವಿಗೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, "ಹೈದರಾಬಾದಿನದು ಬರಲಿ" ಎಂದ.

"ನನಗಿಂತ ಅವರಿಗೆ ಜಾಸ್ತಿ ಗೊತ್ತೇನು?"

"ಬರಲಿ" ಎಂದ ಮತ್ತೆ.

ಬರುವ ತನಕ ನಾನು ಕಾಯಲಿಲ್ಲ. ರವಿ ಒಬ್ಬನೇ ಆ ಮಗುವನ್ನು ಸಾಕಲಾರ, ಗೌರಿ ಬೆಳೆಯುವುದು ಒನ್ ಟೌನಿನಲ್ಲೇ, ಅಜ್ಜಿಯ ಕೈಯಲ್ಲೇ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದೆ. ಆ ಮನೆಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ. ನಾನು ಹೋದಮೇಲೆ ಈ ಮಗು ಗದಗಿನ ಮಾತಿನಲ್ಲಿ ಅವ್ವಾ ಎಂದು ಅಳುತ್ತದೆ, ಅದು ಏನು ಹೇಳುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಅದೊಂದು ಚಿತ್ರ ನನ್ನ ತಲೆ ಹೊಕ್ಕು ಕೂತುಬಿಟ್ಟಿತು. ಪ್ರಯೋಗಾಲಯದಲ್ಲಿ ಮರಿಗಳನ್ನು ತಾಯಿಯಿಂದ ಬೇರೆ ಮಾಡುವುದು ನನ್ನ ಕೈಯಲ್ಲೇ ಎಷ್ಟೋ ಸಲ ಆಗಿತ್ತು. ಒಂದು ದಿನ ಕಿಚಪಿಚ ಎನ್ನುತ್ತವೆ, ಮಾರನೆ ದಿನ ಕಾಳು ತಿನ್ನುತ್ತವೆ. ಹೊತ್ತಿಗೆ ಸರಿಯಾಗಿ ಬೇರೆ ಮಾಡಿದರೆ ಮರಿಗೆ ಕಷ್ಟವಿಲ್ಲ ಎಂಬುದು ನಮ್ಮ ಪಾಠ. ನಾನು ನನ್ನ ಮಗಳಿಗೆ ಹಾಲು ಬಿಡಿಸಿದ ಹಾಗೆ ಮಾತು ಬಿಡಿಸಲು ಹೊರಟೆ.

ಮರುದಿನ ಬೆಳಗ್ಗೆ ಬಾಲ್ಕನಿಯಲ್ಲಿ ಅವಳ ತಲೆ ಬಾಚುತ್ತಾ ತೆಲುಗಿನಲ್ಲಿ ಮಾತಾಡಿದೆ. ಅವಳಿಗೆ ತೆಲುಗು ಬಾರದ್ದೇನಲ್ಲ, ಅಪ್ಪನ ಜೊತೆ, ಶಾಲೆಯಲ್ಲಿ, ಅದೇ. ಆದರೆ ಅದು ನಮ್ಮಿಬ್ಬರ ನಡುವಿನ ಮಾತಾಗಿರಲಿಲ್ಲ. ಅವಳು ಆಟವೆಂದುಕೊಂಡು ನಕ್ಕಳು. ಎರಡನೆಯ ದಿನ ನಗಲಿಲ್ಲ. "ಅವ್ವಾ, ನೀ ಯಾಕ ಹಿಂಗ ಮಾತಾಡ್ತಿ?" ಎಂದಳು. ನಾನು ಕೇಳಿಸದವಳಂತೆ ಇದ್ದೆ. ಕನ್ನಡದಲ್ಲಿ ನೀರು ಕೇಳಿದರೆ ಕೊಡುತ್ತಿರಲಿಲ್ಲ, ತೆಲುಗಿನಲ್ಲಿ ಕೇಳುವ ತನಕ ಲೋಟ ಹಿಡಿದುಕೊಂಡು ನಿಂತಿರುತ್ತಿದ್ದೆ. ದೇವರೇ, ನಾನು ಹಾಗೆ ನಿಂತಿದ್ದೆ. ರವಿ ಒಂದು ಸಂಜೆ ಲೋಟವನ್ನು ನನ್ನ ಕೈಯಿಂದ ಕಿತ್ತು ಅವಳಿಗೆ ಕುಡಿಸಿ, "ನಿನಗೆ ಯಕೃತ್ತು ಕೆಟ್ಟಿದೆಯೋ ತಲೆ ಕೆಟ್ಟಿದೆಯೋ" ಎಂದು ಕೂಗಾಡಿದ. ಅವನು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. ಆಮೇಲೆ ನನ್ನ ಹಳದಿ ಮುಖ ನೋಡಿ ಅವನೇ ಕ್ಷಮೆ ಕೇಳಿದ. ಕೇಳಬಾರದಿತ್ತು, ಜಗಳವಾಡಬೇಕಿತ್ತು.

ಒಂದು ದಿನ ಗೌರಿ ಶಾಲೆಯಿಂದ ಬಂದವಳು ಚೀಲ ಕೆಳಗಿಡದೆ ನನ್ನೆದುರು ನಿಂತು, "ಅವ್ವಾ, ನಾ ಏನ್ ತಪ್ಪ ಮಾಡೇನಿ ಹೇಳ. ಇನ್ನ ಮಾಡಂಗಿಲ್ಲ" ಎಂದಳು. ನಾನು ತೆಲುಗಿನಲ್ಲಿ, ಏನೂ ಇಲ್ಲ ಹೋಗು, ಕೈಕಾಲು ತೊಳೆದುಕೋ, ಎಂದೆ. ಅದಾದ ಮೇಲೆ ಅವಳು ಅವ್ವಾ ಎನ್ನುವುದನ್ನು ಬಿಟ್ಟು ನನ್ನನ್ನು ಅಮ್ಮಾ ಎಂದು ಕರೆಯತೊಡಗಿದಳು. ಪಾಠ ಫಲಿಸಿತು ಎಂದು ನಾನು ಒಳಗೊಳಗೇ ಸಮಾಧಾನಪಟ್ಟೆ.

ಸಂಕ್ರಾಂತಿಗೆ ಮುಂಚೆ ಅವಳನ್ನು ಒನ್ ಟೌನಿಗೆ ಬಿಟ್ಟು, ಅಲ್ಲಿನ ಶಾಲೆಗೆ ಸೇರಿಸಿದೆವು. ಆಸ್ಪತ್ರೆ ಓಡಾಟ, ಮಗುವಿಗೆ ತೊಂದರೆ ಎಂಬುದು ಅತ್ತಯ್ಯನವರಿಗೆ ಹೇಳಿದ ಕಾರಣ. ಅತ್ತಯ್ಯ ಏನೂ ಕೇಳದೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಅಂಗಡಿ ತೋರಿಸಲು ಹೋದರು. ಅಲ್ಲಿ ಹುಡುಗರು ಅವಳ ಮುಂದೆ ಪುಟ್ಟ ಪುಟ್ಟ ಸ್ಟೀಲ್ ಪಾತ್ರೆಗಳನ್ನು ಸುರಿದರು. ನಾನು ಹಿಂದಿನ ಬಾಗಿಲಿನಿಂದ ಆಟೋ ಹತ್ತಿದೆ.

ಹೈದರಾಬಾದಿನ ಉತ್ತರ ಬಂದಾಗ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು: ಕ್ಯಾನ್ಸರ್ ಕಾಣುತ್ತಿಲ್ಲ. ನಿಮ್ಮ ಮೈಯೇ ನಿಮ್ಮ ಯಕೃತ್ತಿನ ಮೇಲೆ ತಿರುಗಿಬಿದ್ದಿರುವ ಕಾಯಿಲೆ, ಯಕೃತ್ತು ಸಾಕಷ್ಟು ಗಟ್ಟಿಯಾಗಿದೆ. ಆ ಯಕೃತ್ತು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಲು ಹೋಗಿ ಈ ಗಂಟು ಆದದ್ದಿರಬಹುದು. ಸ್ಟೆರಾಯ್ಡ್ ಶುರುಮಾಡೋಣ, ಬೇಸಿಗೆಯಲ್ಲಿ ಮತ್ತೆ ಸ್ಕ್ಯಾನ್ ಮಾಡೋಣ.

ನಾನು ನಂಬಲಿಲ್ಲ. ಸೂಜಿ ಗಂಟಿನ ಬದಿಗೆ ಬಿದ್ದಿರಬೇಕು ಎಂದು ವಾದಿಸಿದೆ. ನಾನೇ ಸ್ಲೈಡು ನೋಡಿದ್ದೇನೆ, ನನ್ನ ಮಾದರಿಗಳಲ್ಲಿ ಈ ಹಂತದ ನಂತರ ಏನಾಗುತ್ತದೆ ಎಂದು ನನಗೆ ಗೊತ್ತು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕುಬಿಟ್ಟರು.

"ಮೇಡಂ, ಮೀರು ಎಲುಕ ಕಾದು ಕದಂಡಿ" ಎಂದರು. ನೀವು ಇಲಿಯಲ್ಲವಲ್ಲ ಮೇಡಂ, ಎಂದು.

ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಬಂದು ರವಿಯ ಹತ್ತಿರ, ಈ ಡಾಕ್ಟರು ನನಗೆ ಧೈರ್ಯ ತುಂಬಲು ಸುಳ್ಳು ಹೇಳುತ್ತಿದ್ದಾರೆ ಎಂದೆ. ಕಾಯುವ ಕೋಣೆಯಲ್ಲಿ ಸತ್ಯವತಿ ಇದ್ದಳು, ಗಂಡನಿರಲಿಲ್ಲ. ವಾರದ ಹಿಂದೆ ಹೋದ, ಬಾಕಿ ಕಾಗದಪತ್ರ ತೆಗೆದುಕೊಂಡು ಹೋಗಲು ಬಂದಿದ್ದೇನೆ ಎಂದಳು. ಆವತ್ತೂ ಅವಳ ಚೀಲದಲ್ಲಿ ಮಜ್ಜಿಗೆಯಿತ್ತು. ರೂಢಿ ಎಂದಳು. ಇಬ್ಬರೂ ಕುಡಿದೆವು, ಅವಳ ಕೈ ಹಿಡಿದು ಸ್ವಲ್ಪ ಹೊತ್ತು ಕೂತೆ. ಅವಳನ್ನು ಮತ್ತೆ ನೋಡಲಿಲ್ಲ, ಊರಿನ ವಿಳಾಸವನ್ನಾದರೂ ಕೇಳಿಟ್ಟುಕೊಳ್ಳಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಮಾತ್ರೆ ನುಂಗಿದೆ. ಮುಖ ಊದಿ ಹುಣ್ಣಿಮೆಯಾಯಿತು, ಹಸಿವು ರಾಕ್ಷಸನಂತೆ ಬಂತು, ಸಣ್ಣ ಮಾತಿಗೂ ಅಳು. ಆದರೆ ತುರಿಕೆ ನಿಂತಿತು. ಕಣ್ಣಿನ ಬಿಳಿ ಒಂದೊಂದೇ ದಿನ ವಾಪಸ್ಸು ಬಂತು. ಕನ್ನಡಿಯ ಮುಂದೆ ನಿಂತು ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದೆ. ಅರಿಷಿಣ ಹೋಗಿದೆ ಎಂದು ಹೇಳಬೇಕಾದವಳು ಮನೆಯಲ್ಲಿರಲಿಲ್ಲ. ಭಾನುವಾರ ಫೋನು ಮಾಡಿದರೆ ಅವಳು ತೆಲುಗಿನಲ್ಲಿ ಶಾಲೆಯ ಸುದ್ದಿ ಚುಟುಕಾಗಿ ಹೇಳಿ ಅಜ್ಜಿಗೆ ಕೊಟ್ಟುಬಿಡುತ್ತಿದ್ದಳು. ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾಳೆ ಎಂದು ರವಿಗೆ ಹೇಳುತ್ತಿದ್ದೆ. ಅವನು ಪೇಪರು ಮುಖಕ್ಕೆ ಹಿಡಿದುಕೊಳ್ಳುತ್ತಿದ್ದ.

ಬೇಸಿಗೆಯ ಸ್ಕ್ಯಾನಿನಲ್ಲಿ ಗಂಟು ಬೆಳೆದಿರಲಿಲ್ಲ. ತುಸು ಕುಗ್ಗಿಯೇ ಇತ್ತು. ಆವತ್ತು ಗವರ್ನರ್‌ಪೇಟೆಯಿಂದ ಒನ್ ಟೌನಿಗೆ ಹೋದರೆ ಅತ್ತಯ್ಯ ಬಂಗಿನಪಲ್ಲಿ ಮಾವಿನಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟು ಮುಂದೆ ತಂದರು. ಮಾವಿನ ಕಾಲ! ನಾನು ತಟ್ಟೆ ಹಿಡಿದುಕೊಂಡು ಹೋ ಎಂದು ಅತ್ತುಬಿಟ್ಟೆ. ಸಿಹಿ ತಿನ್ನಬಾರದೆಂದು ಡಾಕ್ಟರು ಹೇಳಿದ್ದಾರೇನೋ ಎಂದು ಅತ್ತಯ್ಯ ಗಾಬರಿಯಾದರು. ಗೌರಿ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಸೆಕೆಗೆ ಹೇನಾದವೆಂದು ಅತ್ತಯ್ಯ ಅವಳ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು. ಬಾ ಎಂದು ಕೈ ಚಾಚಿದೆ. ಬಂದಳು, ನೆಂಟರ ಹತ್ತಿರ ಬಂದ ಹಾಗೆ ಬಂದಳು.

ಕೂಡಲೇ ಕರೆದುಕೊಂಡು ಹೋಗೋಣವೆಂದರೆ ಅದೂ ಆಗಲಿಲ್ಲ. ಅವಳಿಗೆ ಸಿಡುಬಿನಂಥ ನೀರುಗುಳ್ಳೆ ಎದ್ದಿತು. ನಾನು ನುಂಗುತ್ತಿದ್ದ ಮಾತ್ರೆಗಳಿಂದ ಮೈಯ ರೋಗ ತಡೆಯುವ ಶಕ್ತಿಯೇ ಕುಗ್ಗಿರುತ್ತದೆ, ಮಗುವಿನ ಹತ್ತಿರ ಹೋಗಲೇಬಾರದು ಎಂದು ಡಾಕ್ಟರು ಗದರಿದರು. ಅದು ವಾಸಿಯಾಗುವಷ್ಟರಲ್ಲಿ ಶಾಲೆ ಶುರು, ಮಾತ್ರೆ ಕಮ್ಮಿ ಮಾಡಿದಾಗ ನನಗೆ ಮತ್ತೆ ಕಾಮಾಲೆ ಮರುಕಳಿಸಿತು. ಹೀಗೆ ಮುಂದಕ್ಕೆ ಹೋಗಿ ಹೋಗಿ, ಮತ್ತೊಂದು ಮಾವಿನ ಕಾಲ ಮುಗಿದ ಮೇಲೆ ಗೌರಿ ವಿಶಾಖಪಟ್ಟಣಕ್ಕೆ ವಾಪಸ್ಸು ಬಂದಳು.

ಬಂದ ರಾತ್ರಿ ಅವಳ ಪಕ್ಕ ಮಲಗಿ, ಕಿವಿಯ ಹತ್ತಿರ, "ಗೌರವ್ವಾ, ನಿದ್ದಿ ಬಂತೇನ?" ಎಂದೆ. ಅವಳು ಸಟಕ್ಕನೆ ಎದ್ದು ಕೂತಳು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, "ಅಲಾ ಮಾಟ್ಲಾಡಕು" ಎಂದು ಚೀರಿದಳು. ಹಾಗೆ ಮಾತಾಡಬೇಡ. ರವಿ ಓಡಿ ಬಂದ. ಅವಳನ್ನು ಎತ್ತಿಕೊಂಡು ಸಮಾಧಾನ ಮಾಡಿದ ಮೇಲೆ ಅವನಿಗೆ ಹೇಳಿದಳಂತೆ: ಅಮ್ಮ ಆ ಮಾತು ಬೇಡ ಅಂದಳು, ನಾನು ಬಿಟ್ಟೆ, ಆದರೂ ನನ್ನನ್ನು ಕಳಿಸಿಬಿಟ್ಟಳು. ಈಗ ಮತ್ತೆ ಮಾತಾಡಿದರೆ ಮತ್ತೆ ಕಳಿಸುತ್ತಾಳೆ.

ಆ ಎಂಟು ವರ್ಷದ ತಲೆಯಲ್ಲಿ ಅದು ಹಾಗೆ ಕೂತಿತ್ತು. ನಾನು ಹೇಗೆ ಬಿಡಿಸಲಿ? ಕಾಯಿಲೆಯ ವಿಷಯ ಹೇಳಿದೆ, ಸಾಯುತ್ತೇನೆಂದು ಹೆದರಿದ್ದೆ ಎಂದೂ ಹೇಳಿದೆ. ಸಾಯದೆ ಇದ್ದೀಯಲ್ಲ ಎಂದಳು. ಆಮೇಲೆ ಕೆಲವು ಸಲ ಪ್ರಯತ್ನಿಸಿದೆ. ಒಂದು ಕನ್ನಡ ಪದ ಬಾಯಿಂದ ಜಾರಿದರೆ ಅವಳ ಮುಖ ಬಿಗಿಯುತ್ತಿತ್ತು, ಊಟ ಅರ್ಧಕ್ಕೆ ನಿಲ್ಲುತ್ತಿತ್ತು. ಅವಳ ನಿದ್ದೆ ಕೆಡಿಸಿ ನನ್ನ ಭಾಷೆ ಉಳಿಸಿಕೊಳ್ಳುವುದೇ ಎಂದು ಬಿಟ್ಟುಬಿಟ್ಟೆ. ಗದಗಿನಿಂದ ನನ್ನ ಅವ್ವ ಫೋನು ಮಾಡಿದರೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಅದೂ ನಿಂತಿತು.

ಕೆಲಸಕ್ಕೆ ಮರಳಿದೆ. ಥರ್ಮಾಸಿನಲ್ಲಿ ಚೂರು ಬಂದರೆ ಈಗ ನನ್ನ ವಿದ್ಯಾರ್ಥಿಗಳು ತೆರೆಯುವ ಮುಂಚೆ ಒಂದು ಮಾತು ಕೇಳಬೇಕು: ಇವರಿಗೆ ಎಷ್ಟು ವಯಸ್ಸು, ಮನೆಯಲ್ಲಿ ಯಾರಿದ್ದಾರೆ. ಸಂಶೋಧನೆಗೆ ಅದರಿಂದ ಏನೂ ಉಪಯೋಗವಿಲ್ಲ. ಹುಡುಗರು ನನ್ನ ಬೆನ್ನ ಹಿಂದೆ ನಗುತ್ತಾರೆ, ನಗಲಿ. ನೆಲನೆಲ್ಲಿಯ ಪ್ರಯೋಗ ಈಗಲೂ ನಡೆಯುತ್ತಿದೆ. ಇಲಿಗಳಿಗೆ ಅದು ಒಳ್ಳೆಯದೆಂದು ಖಡಾಖಂಡಿತವಾಗಿ ಹೇಳಬಲ್ಲೆ.

ಯಕೃತ್ತಿನ ಕಾಯಿಲೆ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ, ಬದುಕುತ್ತೀರಿ ಎಂದು ಭರವಸೆ ಕೊಡಲು ನಾನು ಡಾಕ್ಟರಲ್ಲ. ಹೆದರಬೇಡಿ ಎಂದೂ ಹೇಳುವುದಿಲ್ಲ, ಹೆದರಿಕೆ ಆಗಿಯೇ ಆಗುತ್ತದೆ. ಆದರೆ ಸತ್ತರೆ ಏನು ಮಾಡುವುದು ಎಂದು ಯೋಚಿಸುವಾಗ, ಬದುಕಿಬಿಟ್ಟರೆ ಏನು ಮಾಡುವುದು ಎಂದೂ ಸ್ವಲ್ಪ ಯೋಚಿಸಿಟ್ಟುಕೊಳ್ಳಿ. ನಾನು ಆ ಒಂದು ಲೆಕ್ಕ ಬಿಟ್ಟಿದ್ದೆ.

ಈಗ ಗೌರಿ ಹದಿನಾಲ್ಕರ ಹುಡುಗಿ. ಕೂದಲು ಈಗಲೂ ಕಿವಿಯ ಮಟ್ಟಕ್ಕೇ, ಅವಳಿಗೆ ಅದೇ ಇಷ್ಟ. ಒಳ್ಳೆಯ ಹುಡುಗಿ, ಅಕ್ಕರೆಯ ಹುಡುಗಿ. ನನ್ನ ಮಾತ್ರೆಯ ಹೊತ್ತು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ನನಗೂ ಅವಳಿಗೂ ಜಗಳವಿಲ್ಲ. ಯಕೃತ್ತು ಗಟ್ಟಿಯಾಗಿರುವುದರಿಂದ ಆಗಾಗ ಗಂಟಲಿಗೆ ಕೊಳವೆ ಇಳಿಸಿ ನನ್ನ ಅನ್ನನಾಳದ ರಕ್ತನಾಳ ಊದಿದೆಯೇ ಎಂದು ನೋಡುತ್ತಾರೆ. ಕಳೆದ ಸಲ ರವಿಗೆ ಬಂದರಿನಲ್ಲಿ ಬಿಡುವಾಗದೆ ಅವಳೇ ನನ್ನ ಜೊತೆ ಗವರ್ನರ್‌ಪೇಟೆಗೆ ಬಂದಳು. ಮಂಪರು ಬರುವ ಇಂಜೆಕ್ಷನ್ ಕೊಟ್ಟರು. ಎಚ್ಚರವಾದಾಗ ಅವಳು ಮಂಚದ ಪಕ್ಕ ಕೂತು ನನ್ನನ್ನೇ ನೋಡುತ್ತಿದ್ದಳು.

ನೀನು ಮಂಪರಿನಲ್ಲಿ ಏನೋ ಹೇಳುತ್ತಲೇ ಇದ್ದೆ ಅಮ್ಮಾ, ಎಂದಳು. ನರ್ಸು ಬಂದು, ನಿಮ್ಮಮ್ಮನಿಗೆ ಏನು ಬೇಕಂತೆ, ಏನು ಕೇಳುತ್ತಿದ್ದಾರೆ ಎಂದು ಅವಳನ್ನು ಕೇಳಿದಳಂತೆ. ಇವಳು ಗೊತ್ತಿಲ್ಲ ಅಂದಳಂತೆ. ಮಗಳಾಗಿ ಗೊತ್ತಿಲ್ಲವಾ ಎಂದು ಆಕೆ ನಕ್ಕಳಂತೆ.

"ಏನು ಹೇಳ್ತಿದ್ದೆ?" ಎಂದು ತೆಲುಗಿನಲ್ಲಿ ಕೇಳಿದೆ. ನಾಲಿಗೆ ಇನ್ನೂ ದಪ್ಪವಾಗಿತ್ತು.

ಅವಳು ಹುಬ್ಬು ಗಂಟಿಕ್ಕಿ ನೆನಪಿಸಿಕೊಂಡಳು. ಪಾಠ ಒಪ್ಪಿಸುವವಳ ಹಾಗೆ, ಒಂದೊಂದೇ ಸದ್ದನ್ನು ಜೋಡಿಸಿ ಹೇಳಿದಳು: "ಅಳ್ಳಾಡಬ್ಯಾಡ, ಹೆರಳ ಸಡಲ ಆಗ್ತೈತಿ."

ಒಂದು ಅಕ್ಷರ ತಪ್ಪಿರಲಿಲ್ಲ. ಗದಗಿನ ರಾಗವೂ ಅದೇ, ಕೊನೆಗೆ ದನಿ ಎಳೆಯುವುದೂ ಅದೇ. ಆರು ವರ್ಷದ ಗೌರಿ ಅಷ್ಟು ದಿನ ಎಲ್ಲಿ ಕೂತಿದ್ದಳೋ, ಬಾಯಿಗೆ ಬಂದು ಹೋದಳು.

"ಅಂದರೆ ಏನು?" ಎಂದಳು. ನಿಜವಾಗಿಯೂ ತಿಳಿಯದೆ ಕೇಳಿದಳು.

ನಾನು ತೆಲುಗಿಗೆ ತಿರುಗಿಸಿ ಹೇಳಿದೆ. ಅಲ್ಲಾಡಬೇಡ, ಜಡೆ ಸಡಿಲವಾಗುತ್ತದೆ. ದಿನಾ ಬೆಳಗ್ಗೆ ನಿನ್ನ ತಲೆ ಬಾಚುವಾಗ ಹೇಳುತ್ತಿದ್ದ ಮಾತು ಎಂದೆ. ಅವಳು ತನ್ನ ಕತ್ತಿನ ಹಿಂದೆ ಕೈಯಾಡಿಸಿಕೊಂಡಳು. ಸ್ವಲ್ಪ ನಕ್ಕಳು.

"ನಾಕು ಜಡ ಎಪ್ಪುಡುಂದಿ ಅಮ್ಮಾ?"

ನನಗೆ ಜಡೆ ಯಾವಾಗ ಇತ್ತಮ್ಮಾ, ಎಂದು.

ಉತ್ತರವನ್ನು ತೆಲುಗಿನಲ್ಲೇ ಕೊಡಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. "ಇತ್ತವ್ವಾ" ಎಂದೆ. "ಇತ್ತು. ಸೊಂಟದ ತನಕ ಇತ್ತು."

ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. ಆ ಮಾತೂ ತಿಳಿಯದೆ, ನಾನು ಅದನ್ನೂ ತಿರುಗಿಸಿ ಹೇಳಲೆಂದು ಸುಮ್ಮನೆ ಕಾಯುತ್ತಾ ಕೂತಳು.